ಗುಂಡಿ ಡಬ್ಬಿಯ ಬೀಜಗಳು

ನನ್ನ ಓರಗಿತ್ತಿಯನ್ನು ಕಂಡರೆ ನನಗಾಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮಹಡಿಯ ಮೇಲೆ ಮೈದುನನ ಸಂಸಾರ, ಕೆಳಗೆ ನಮ್ಮದು. ಅವಳದು ಅಂಗಿಗಳಿಗೆ ಕಾಜಾ ಹಾಕಿ ಗುಂಡಿ ಹೊಲಿಯುವ ಕೆಲಸ. ಖಾಲಿಯಾದ ಗುಂಡಿ ಡಬ್ಬಿಗಳನ್ನು ತೊಳೆದು ಒಲೆಯ ಪಕ್ಕ ಸಾಲಾಗಿ ಇಟ್ಟುಕೊಂಡಿದ್ದಾಳೆ. ಒಂದರಲ್ಲಿ ಎಳ್ಳು, ಒಂದರಲ್ಲಿ ಅಗಸೆ, ಇನ್ನೊಂದರಲ್ಲಿ ಕುಂಬಳಬೀಜ. ‘ನೀಲಿ, ನಾಲ್ಕು ತೂತು’ ಎಂಬ ಚೀಟಿ ಇನ್ನೂ ಹಾಗೇ ಇದೆ. ಯಾವ ಅಡುಗೆಯಾದರೂ ಸರಿ, ಒಂದು ಚಮಚ ಬೀಜ ಉದುರಿಸದೆ ಅವಳು ಕೆಳಗಿಳಿಸುವವಳಲ್ಲ. ನಾನು ಅವಳಿಗೆ ‘ಹಕ್ಕಿ’ ಎಂದು ಹೆಸರಿಟ್ಟೆ. ಗೊತ್ತಾಗಿ ನಕ್ಕಳು. ನಗುವುದೂ ಚೆನ್ನಾಗಿಯೇ ನಗುತ್ತಾಳೆ, ಹಾಳಾದವಳು.

ಈ ಹುಚ್ಚು ಅವಳಿಗೆ ಸುಮ್ಮನೆ ಹಿಡಿದದ್ದಲ್ಲ. ಚೊಚ್ಚಲ ಹೆರಿಗೆಯಲ್ಲಿ ಮೈಯಲ್ಲಿ ರಕ್ತ ಸಾಲದೆ ಹನ್ನೊಂದು ದಿನ ಆಸ್ಪತ್ರೆಯಲ್ಲಿ ಮಲಗಿದ್ದಳು. ಕೂಸನ್ನು ಎತ್ತಿ ಆಡಿಸಿದವಳು ನಾನು. ಏನೇನು ತಿನ್ನಬೇಕೆಂದು ಅಲ್ಲಿ ಹೇಳಿದ್ದನ್ನು ಗುಂಡಿ ಲೆಕ್ಕದ ಪುಸ್ತಕದಲ್ಲೇ ಬರೆದುಕೊಂಡು ಬಂದಳು. ಅಂದಿನಿಂದ ಒಂದು ದಿನವೂ ತಪ್ಪಿಸಿಲ್ಲ.

ನನ್ನ ಅಡುಗೆಯ ದಾರಿ ಬೇರೆ. ನಾನು ಆಲೂಗೆಡ್ಡೆ ಹುರಿದರೆ ಬೀದಿಯೇ ಮೂಗರಳಿಸುತ್ತಿತ್ತು. ಸೊಪ್ಪು ಮಾತ್ರ ಬಣ್ಣಗೆಡುವವರೆಗೆ ಬೇಯಿಸಿ ನೀರು ಬಸಿದು ಚೆಲ್ಲುತ್ತಿದ್ದೆ.

ಹೀಗಿರುವಾಗ ನನ್ನ ಮಗಳು, ಹದಿನಾರರ ಹುಡುಗಿ, ಮೆಟ್ಟಿಲ ಮೇಲೆ ತಲೆ ಸುತ್ತಿ ಬಿದ್ದಳು. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ಎಂಟು ಬಂತು. ಹನ್ನೆರಡಿರಬೇಕಂತೆ.

“ಮಾತ್ರೆ ಕೊಡ್ತೀನಿ. ಆದ್ರೆ ಊಟ ಸರಿಹೋಗ್ಲಿಲ್ಲ ಅಂದ್ರೆ ಮತ್ತೆ ಇಲ್ಲಿಗೇ ಬರ್ತೀರ,” ಎಂದರು ಡಾಕ್ಟರು.

ಅಂದಿನಿಂದ ದಿನವೂ ಸೊಪ್ಪು ಬೇಯಿಸಿದೆ. ಮಗಳು ಮುಖ ಸಿಂಡರಿಸಿ “ಹಸಿವಿಲ್ಲಮ್ಮ” ಎಂದು ಎದ್ದುಹೋಗುತ್ತಿದ್ದಳು. ಒಂದು ಮಧ್ಯಾಹ್ನ ಒಣಗಿದ ಬಟ್ಟೆ ತರಲು ಮೇಲೆ ಹೋದರೆ, ಇದೇ ಮಗಳು ಓರಗಿತ್ತಿಯ ಹೊಲಿಗೆ ಯಂತ್ರದ ಮುಂದಿನ ಸ್ಟೂಲಿನ ಮೇಲೆ ಕೂತು ಊಟ ಮಾಡುತ್ತಿದ್ದಾಳೆ! ತಟ್ಟೆಯಲ್ಲಿ ಹಸಿರು ಮಾಸದ ಸೊಪ್ಪು, ಮೇಲೆ ಹುರಿದ ಕುಂಬಳಬೀಜ. ಹಕ್ಕಿ ನಿಂಬೆಹಣ್ಣು ಹಿಂಡುತ್ತಿದ್ದಳು.

“ಹುಳಿ ಇದ್ರೆ ಸೊಪ್ಪಿನ ಸತ್ವ ಮೈಗೆ ಹತ್ತುತ್ತೆ ಪುಟ್ಟಿ. ಊಟ ಆದ ತಕ್ಷಣ ಟೀ ಕುಡಿಬೇಡ, ಆಯ್ತಾ?”

“ಇನ್ನೊಂಚೂರು ಹಾಕು ಚಿಕ್ಕಮ್ಮ.”

ಇನ್ನೊಂಚೂರು! ನನ್ನ ಅಡುಗೆಮನೆಯಲ್ಲಿ ಆ ಮಾತು ಕೇಳಿ ಎಷ್ಟು ಕಾಲವಾಗಿತ್ತು! ಕೈ ಹಿಡಿದು ಎಳೆದುಕೊಂಡು ಬರಬೇಕೆನಿಸಿತು. ಆ ಎಂಟು ನೆನಪಾಗಿ, ಬಟ್ಟೆ ಎತ್ತಿಕೊಂಡು ಇಳಿದೆ.

ಮೂರು ತಿಂಗಳಿಗೆ ಹನ್ನೊಂದೂವರೆ ಬಂತು. ಆಸ್ಪತ್ರೆಗೆ ಹಕ್ಕಿಯೂ ಬಂದಿದ್ದಳು.

“ಪರವಾಗಿಲ್ವೇ! ಮಾತ್ರೆ ಜೊತೆ ಮನೇಲಿ ಏನು ಕೊಡ್ತಿದ್ರಿ?” ಎಂದು ನರ್ಸಮ್ಮ ಕೇಳಿದರು.

“ಸೊಪ್ಪು, ಬೀಜ. ಎಲ್ಲಾ ನಾನೇ ಮಾಡಿ ಹಾಕಿದ್ದು,” ಎಂದುಬಿಟ್ಟೆ. ಮಗಳು ನೆಲ ನೋಡಿದಳು.

“ನನ್ನ ಮಗಳಿಗೂ ರಕ್ತ ಕಡಿಮೆ. ಹೇಗೆ ಮಾಡ್ತೀರ, ಸ್ವಲ್ಪ ಹೇಳಿ.”

ಏನಂತ ಹೇಳಲಿ?

“ನಮ್ಮಕ್ಕ ಸೊಪ್ಪನ್ನ ಜಾಸ್ತಿ ಬೇಯ್ಸಲ್ಲ, ನೀರೂ ಚೆಲ್ಲಲ್ಲ,” ಎಂದು ಹಕ್ಕಿ ಶುರುಮಾಡಿದಳು. ಎಳ್ಳು ಹುರಿಯುವುದು, ಅಗಸೆ ಪುಡಿ ಮಾಡುವುದು, ಕೊನೆಗೆ ನಿಂಬೆ ಹಿಂಡುವುದು, ಎಲ್ಲವನ್ನೂ ನನ್ನ ಹೆಸರಿನಲ್ಲೇ ಒಪ್ಪಿಸಿದಳು. ಎಲ್ಲರೆದುರು ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಮರುದಿನ ನಾನೇ ಮೆಟ್ಟಿಲು ಹತ್ತಿದೆ. ಪಶ್ಚಾತ್ತಾಪ ಗಿಶ್ಚಾತ್ತಾಪ ಏನಿಲ್ಲ. ನನ್ನ ಮಗಳು ನನ್ನ ಮನೆಯಲ್ಲಿ ಉಣ್ಣಬೇಕಿತ್ತು, ಅಷ್ಟೇ.

“ಅದೇನು ಮಾಡ್ತೀಯೋ ತೋರ್ಸು,” ಎಂದೆ.

“ಬನ್ನಿ ಅಕ್ಕ,” ಎಂದು ಸೌಟು ನನ್ನ ಕೈಗೇ ಕೊಟ್ಟಳು.

ಸಂಜೆ ಮನೆಯಲ್ಲಿ ಒಂದನ್ನೂ ಬಿಡದೆ ಹಾಗೇ ಮಾಡಿ ಬಡಿಸಿ, ಎದುರಿಗೇ ಕೂತೆ. ಮಗಳು ತಟ್ಟೆ ಬಳಿದು ತಿಂದಳು. ನನಗೆ ತಡೆಯಲಾಗಲಿಲ್ಲ.

“ಹೇಗಿದೆ?”

“ಸೂಪರ್ ಅಮ್ಮ! ಥೇಟ್ ಚಿಕ್ಕಮ್ಮ ಮಾಡಿದ ಹಾಗೇ ಇದೆ.”