ರಟ್ಟಿನ ಎರಡು ತೂತು

ಬೆಳಿಗ್ಗೆ ಆರೂವರೆ. ಗುಡಿಸುವವರು ಇನ್ನೂ ಮೆಟ್ಟಿಲ ಮೇಲಿದ್ದಾರೆ. ಮೂರನೇ ಮಹಡಿಯ ಕಿಟಕಿ ಪಕ್ಕದ ಮೇಜಿನಲ್ಲಿ ಒಬ್ಬ ಹೆಂಗಸು, ಬಿಸ್ಕತ್ತು ಡಬ್ಬಿಯಿಂದ ಕತ್ತರಿಸಿದ ರಟ್ಟೊಂದನ್ನು ಫೋನಿನ ಪರದೆಯ ಮೇಲಿಟ್ಟು ಕಣ್ಣು ಕಿರಿದು ಮಾಡಿ ನೋಡುತ್ತಿದ್ದಾರೆ. ರಟ್ಟಿಗೆ ಎರಡೇ ತೂತು. ಬಲ ತೂತಿನಲ್ಲಿ ‘ಬರುತ್ತೇನೆ’ ಗುಂಡಿ ಕಾಣಬೇಕು, ಎಡ ತೂತಿನಲ್ಲಿ ‘ಬರಲಾಗದು’. ಕೂದಲೆಳೆಯಷ್ಟು ಆಚೀಚೆಯಾದರೂ ಆ ಪುಟ ವಿನ್ಯಾಸಗಾರರಿಗೆ ವಾಪಸ್.

ಕಚೇರಿಯಲ್ಲಿ ಇವರನ್ನು ಎಲ್ಲರೂ ಕರೆಯುವುದು ರಟ್ಟಿನಕ್ಕ ಎಂದೇ. ಡಯಾಲಿಸಿಸ್ ರೋಗಿಗಳು ಆಸ್ಪತ್ರೆಯಲ್ಲಿ ತಮ್ಮ ಸರದಿ ಖಚಿತಪಡಿಸುವ ಆ್ಯಪ್ ಇಲ್ಲಿ ತಯಾರಾಗುತ್ತದೆ. ದಿನಕ್ಕೆ ನಲವತ್ತು ಪುಟ ಇವರ ರಟ್ಟಿನಡಿ ಹಾದುಹೋಗುತ್ತವೆ.

ನಾಲ್ಕು ವರ್ಷದ ಹಿಂದೆ ಇವರೇ ಇಲ್ಲಿಯ ವಿನ್ಯಾಸಗಾರ್ತಿ. ಅಂದವಾಗಿ ಕಾಣುತ್ತದೆಂದು ಎರಡು ಗುಂಡಿಗಳನ್ನು ಅದಲು ಬದಲು ಮಾಡಿದ್ದರು. ಎಲ್ಲರೂ ಭೇಷ್ ಎಂದರು. ವಾರದೊಳಗೆ ಡಯಾಲಿಸಿಸ್‌ಗೆ ಹೋಗುತ್ತಿದ್ದ ಇವರ ಅಪ್ಪನೇ, ಮಂದಗಣ್ಣಿನವರು, ರೂಢಿಯ ಮೇಲೆ ಬಲಕ್ಕೆ ಒತ್ತಿ ಸರದಿ ಕಳೆದುಕೊಂಡರು. ಮರುದಿನ ಉಸಿರು ಕಟ್ಟಿ ತುರ್ತು ವಿಭಾಗಕ್ಕೆ ಸೇರಿಸಬೇಕಾಯಿತು.

“ಜೀವ ಬಾಯಿಗೆ ಬಂದಿತ್ತು. ಅಪ್ಪ ಉಳಿದ್ರು, ಒಂದು ದಿನಕ್ಕೂ ನನ್ನ ಬೈಲಿಲ್ಲ. ಬೈದಿದ್ರೆ ಈ ರಟ್ಟು ಹುಟ್ತಾನೇ ಇರಲಿಲ್ವೇನೋ,” ಎನ್ನುತ್ತಾರೆ. ಗುಂಡಿಗಳು ಮೊದಲಿನ ಜಾಗಕ್ಕೆ ಮರಳಿದವು; ಇವರು ತಾವಾಗಿ ಕೇಳಿ ತಪಾಸಣೆ ಕೆಲಸಕ್ಕೆ ಬಂದರು.

ಮೂರು ತಿಂಗಳ ಹಿಂದೆ ಆ್ಯಪ್‌ಗೆ ಹೊಸ ರೂಪ ಕೊಡಲು ಬಂದ ತರುಣಿ ಮೊದಮೊದಲು ರಟ್ಟು ಕಂಡರೆ ಮೂಗು ಮುರಿಯುತ್ತಿದ್ದಳು. ಎಲ್ಲವೂ ಇದ್ದಂತೆಯೇ ಇರಬೇಕಾದರೆ ತನ್ನನ್ನೇಕೆ ಕರೆಸಿದಿರೆಂದು ಕೇಳಿಯೇಬಿಟ್ಟಳು. ಏಳು ಸಲ ಅವಳ ಪುಟಗಳು ವಾಪಸಾದವು. ಎಂಟನೆಯ ಸಲ ರಟ್ಟಿನಕ್ಕ ರಟ್ಟನ್ನೇ ಅವಳ ಕೈಗಿತ್ತರು.

“ಎರಡು ತೂತು ಮಾತ್ರ ರೋಗಿಗಳದ್ದು ಕಣಮ್ಮ. ಮಿಕ್ಕಿದ್ದೆಲ್ಲ ನಿಂದು.”

ಮಿಕ್ಕಿದ್ದರಲ್ಲಿ ಅವಳು ಮನಸೋಇಚ್ಛೆ ಬಣ್ಣ ಬಳಿದಳು. ಸಾಲದ್ದಕ್ಕೆ, ಯಾವ ಗುಂಡಿ ಒತ್ತಿದರೆಂದು ಫೋನೇ ಬಾಯಿಬಿಟ್ಟು ಹೇಳುವಂತೆ ಮಾಡಿ, ತನ್ನದೇ ದನಿ ಸೇರಿಸಿದಳು. “ನಾಲ್ಕು ವರ್ಷದಲ್ಲಿ ನಂಗಿದು ಹೊಳೆದಿರಲಿಲ್ಲ ನೋಡಿ. ಆ ಹುಡುಗಿ ಋಣ ದೊಡ್ಡದು,” ಎನ್ನುವಾಗ ರಟ್ಟಿನಕ್ಕನ ಕಣ್ಣು ಒದ್ದೆಯಾಗುತ್ತದೆ.

ಕಳೆದ ಸೋಮವಾರ ಹೊಸ ರೂಪ ಎಲ್ಲರ ಫೋನಿಗೂ ಹೋಯಿತು. ಅಂದು ಬೆಳಿಗ್ಗೆ ಅವರು ಕಚೇರಿಗೆ ಹೋಗಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಚಹಾದ ಲೋಟ ಹಿಡಿದು ಅಪ್ಪನನ್ನೇ ನೋಡುತ್ತ ನಿಂತರು. ಅಪ್ಪ ಕನ್ನಡಕವನ್ನೂ ಹುಡುಕದೆ ಫೋನೆತ್ತಿ ಹೆಬ್ಬೆರಳು ಒತ್ತಿದರು.

‘ಬನ್ನಿ, ನಿಮ್ಮ ಜಾಗ ಕಾದಿದೆ,’ ಎಂದಿತು ತರುಣಿಯ ದನಿ.

ಅಪ್ಪ ನಕ್ಕರು. ಆಮೇಲೆ ಮಗಳತ್ತ ತಿರುಗಿ, “ದನಿಯೇನೋ ಆ ಹುಡುಗಿದು. ಗುಂಡಿ ಇದ್ದಲ್ಲೇ ಇದೆಯಲ್ಲ, ಮೂರು ತಿಂಗಳು ಕೂತು ನೀನು ಮಾಡಿದ್ದೇನಮ್ಮ?” ಎಂದರು.

“ಅದನ್ನೇ ಅಪ್ಪ,” ಎಂದರು ರಟ್ಟಿನಕ್ಕ.