ಕಡಲೆಗೊಂದು ಖಾತೆ

ಮೊನ್ನೆ ನರಗುಂದದ ಬಸ್ಸಿನಲ್ಲಿ ಪಕ್ಕದವರೊಬ್ಬರು ಸುಟ್ಟ ಹಸಿಕಡಲೆಯ ಪೊಟ್ಟಣ ಬಿಚ್ಚಿದರು. ಆ ಹೊಗೆವಾಸನೆಗೆ ನಮ್ಮ ಮೇಡಂ ನೆನಪಾದರು…

ಸವಡಿಯಲ್ಲಿ ಹುಟ್ಟಿದ ಅವರು ನಮ್ಮ ವಿಶ್ವವಿದ್ಯಾಲಯದ ಶಾಂತಿ ಸಂಶೋಧನಾ ಕೇಂದ್ರದ ಮುಖ್ಯಸ್ಥರಾಗಿದ್ದರು. ನಾನು ಅವರ ಕೈಕೆಳಗಿನ ಸಂಶೋಧಕಿ. ಆ ವರ್ಷ ಅನುದಾನ ನಿಂತುಹೋಗಿತ್ತು. ಬೇರೆ ಕಡೆಯಿಂದ ಹಣ ಹೊಂದಿಸದಿದ್ದರೆ ಕೇಂದ್ರಕ್ಕೆ ಬೀಗ ಬೀಳುತ್ತಿತ್ತು. ಕೊನೆಗೆ ದೊಡ್ಡ ದಾನಿಯೊಬ್ಬರು ಸಿಕ್ಕರು. ಆದರೆ ಕಾಲುವೆ ನೀರಿನ ಜಗಳದ ಬಗ್ಗೆ ನಾವು ಬರೆದಿದ್ದ ವರದಿಯನ್ನು ಕೈಬಿಡಬೇಕೆಂದರು. ಮೇಡಂ ಆ ದಾನಿಗೆ ಚಹಾ ಕುಡಿಸಿ, ನಗುನಗುತ್ತಲೇ ಕಳಿಸಿಬಿಟ್ಟರು. ನನಗೆ ಅಳು ಬಂತು.

"ಅಳೂದು ಆಮ್ಯಾಲೆ. ಮೊದ್ಲ ನರಗುಂದಕ್ಕ ನಡಿ, ಅಲ್ಲಿ ವ್ಯಾಪಾರಿಗಳ್ನ ಕೇಳೋಣು," ಎಂದರು.

ಅಲ್ಲಿ ನೋಡಿದರೆ ಮಾರುಕಟ್ಟೆಯೇ ಬಂದ್. ಚೀಲ ಹೊರುವ ಹಮಾಲರಿಗೂ ವ್ಯಾಪಾರಿಗಳಿಗೂ ಜಗಳವಾಗಿತ್ತು. ನಾವು ಬಂದ ಕೆಲಸ ಕೇಳಿ ಹಿರಿಯ ವ್ಯಾಪಾರಿಯೊಬ್ಬರು ನಕ್ಕರು. "ಜಗಳಾ ಬ್ಯಾಡ ಅನ್ನಾಕ ರೊಕ್ಕ ಯಾಕ ಬೇಕ್ರಿ ಅಕ್ಕೋರ?"

"ಅಂಗಡಿ ಮುಚ್ಚಿ ಕುಂತೀರಲ್ರಿ, ಜಗಳಾ ಏನ್ ಪುಕ್ಕಟ ನಡದೈತೇನ್ರಿ?" ಎಂದರು ಮೇಡಂ.

"ಹಂಗಾದ್ರ ಇದನ್ನ ಬಗೀಹರಸ್ರಿ, ನೋಡೋಣು."

ಮೇಡಂ ಸೆರಗು ಸಿಕ್ಕಿಸಿಕೊಂಡು ಹಮಾಲರ ನಡುವೆ ಕೂತೇಬಿಟ್ಟರು. ವಾರವಿಡೀ ಅತ್ತಿಂದಿತ್ತ ಓಡಾಡಿದೆವು. ಕೂಲಿಯ ಮಾತು ಇತ್ತು ನಿಜ, ಆದರೆ ಹಮಾಲರಿಗೆ ಹೆಚ್ಚು ನೋವಾದದ್ದು ತಮ್ಮಲ್ಲಿಯ ಹಿರಿಯನೊಬ್ಬನನ್ನು ವ್ಯಾಪಾರಿಯೊಬ್ಬರು ಎಲ್ಲರೆದುರು ಬೈದು ತಳ್ಳಿದ್ದಕ್ಕೆ. ಕೊನೆಗೆ ಬೈದವರೇ ಬಂದು ಆ ಹಿರಿಯನ ಕೈ ಹಿಡಿದು "ತಪ್ಪಾತು" ಎಂದರು. ಕೂಲಿಯೂ ಒಂದಿಷ್ಟು ಏರಿತು. ಮರುದಿನ ಮಾರುಕಟ್ಟೆ ತೆರೆಯಿತು.

ಸುಗ್ಗಿಯಲ್ಲಿ ಒಂದು ಟ್ರ್ಯಾಕ್ಟರ್ ನೇರ ವಿಶ್ವವಿದ್ಯಾಲಯದ ಅಂಗಳಕ್ಕೆ ಬಂದು ನಿಂತಿತು. ತುಂಬ ಕಡಲೆ ಚೀಲ! ವ್ಯಾಪಾರಿಗಳು ಕೊಟ್ಟದ್ದು, ಹಮಾಲರು ಕೂಲಿ ಕೇಳದೆ ಹೇರಿದ್ದು. ಲೆಕ್ಕಪತ್ರ ವಿಭಾಗದವರು ಕಂಗಾಲಾದರು.

"ಕಡಲಿ ಜಮಾ ಮಾಡಾಕ ನಮ್ಮಲ್ಲಿ ಖಾತೇನ ಇಲ್ರಿ ಮೇಡಂ!"

"ಇಲ್ದಿದ್ರ ಇವತ್ತ ತಗೀರಿ!"

ಅದನ್ನು ಮಾರಿದ ಹಣದಲ್ಲಿ ಕೇಂದ್ರ ಉಳಿಯಿತು, ವರದಿಯೂ ಅಚ್ಚಾಯಿತು. ಮುಂದೆ ಮೇಡಂ ಜಗಳ ಬಗೆಹರಿಸಿದ ರೋಣ, ಗಜೇಂದ್ರಗಡಗಳಿಂದಲೂ ಚೀಲಗಳು ಬರತೊಡಗಿದವು. ಇಳಿಸುವ ದಿನ ಮೇಡಂ ಮದುವೆಮನೆಯ ಯಜಮಾನಿಯಂತೆ ಓಡಾಡುತ್ತಿದ್ದರು…

ಈಗ ಅವರ ಕುರ್ಚಿಯಲ್ಲಿ ನಾನಿದ್ದೇನೆ. ನಿನ್ನೆ ಬೆಳವಣಕಿಯಿಂದ ಅಣ್ಣತಮ್ಮಂದಿರಿಬ್ಬರು ಬಂದಿದ್ದರು. ಹೊಲದ ದಾರಿಗಾಗಿ ಮಾತು ಬಿಟ್ಟವರು, ಬಂದದ್ದು ಮಾತ್ರ ಒಂದೇ ಬೈಕಿನಲ್ಲಿ. ಬಾಗಿಲಲ್ಲೇ ನಿಂತು, "ಅಕ್ಕೋರ ಅದಾರೇನ್ರಿ?" ಎಂದರು.

"ಅವ್ರು ತೀರ್ಕೊಂಡಾರ್ರಿ…"

ಇಬ್ಬರೂ ತಲೆ ತಗ್ಗಿಸಿದರು. ನಾನು ಎರಡು ಕುರ್ಚಿಗಳನ್ನು ಎಳೆದು ಹಾಕಿದೆ.

"ಬರ್ರಿ, ಕುಂಡರ್ರಿ. ಯಾರು ಮೊದ್ಲ ಹೇಳ್ತೀರಿ?"