ಸಾವಿನ ಮನೆಯಲ್ಲಿ ನುಗ್ಗೆ ಸೊಪ್ಪು

ನನ್ನ ಸೊಸೆ ಫಿಲಿಪೈನ್ಸಿನವಳು. ಅವಳ ಅಮ್ಮ ತೀರಿಕೊಂಡ ಸುದ್ದಿ ಬಂದಾಗ ಬಸುರಿ ಅವಳಿಗೆ ಏಳು ತಿಂಗಳು ತುಂಬಿ ಎಂಟರಲ್ಲಿ ನಡೆಯುತ್ತಿತ್ತು. ವಿಮಾನ ಹತ್ತುವಂತಿಲ್ಲ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದರು. ಮಗುವಿನ ಬೆಳವಣಿಗೆ ಸಾಲದು, ಚೆನ್ನಾಗಿ ಊಟ ಮಾಡಬೇಕು ಎಂದು ಅದೇ ಡಾಕ್ಟರು ಹಿಂದಿನ ವಾರವಷ್ಟೇ ಎಚ್ಚರಿಸಿದ್ದರು. ಸುದ್ದಿ ಬಂದ ಮೇಲೆ ಅವಳ ಗಂಟಲಲ್ಲಿ ನೀರು, ಬಿಸ್ಕೆಟ್ಟು ಬಿಟ್ಟರೆ ಬೇರೇನೂ ಇಳಿಯಲಿಲ್ಲ. ಹೆತ್ತವಳ ಮುಖವನ್ನು ಫೋನಿನಲ್ಲಿ ಕೊನೆಯ ಸಲ ನೋಡಿದ ಹುಡುಗಿಗೆ ಊಟ ಮಾಡು ಎಂದು ಹೇಗೆ ಒತ್ತಾಯಿಸುವುದು? ಒತ್ತಾಯಿಸದೆ ಇರುವುದಾದರೂ ಹೇಗೆ?

ನಾವು ಉಡುಪಿ ಕಡೆಯವರು. ನಮ್ಮಲ್ಲಿ ಸಾವಿನ ಮನೆಯಲ್ಲಿ ಒಗ್ಗರಣೆಯ ವಾಸನೆ ಏಳಬಾರದು. ನೆರೆಯವರು ಗಂಜಿ ತಂದುಕೊಡುತ್ತಾರೆ, ಮನೆಯವರು ಅಷ್ಟಿಷ್ಟು ಕುಡಿಯುತ್ತಾರೆ. ಸೊಸೆಯ ಕಡೆಯವರಲ್ಲಿ ಬೇರೆ. ಒಂಬತ್ತು ಸಂಜೆ ಜಪಸರ ಹಿಡಿದು ಪ್ರಾರ್ಥನೆ, ಬಂದವರಿಗೆಲ್ಲ ಊಟ. ಪರದೇಶದ ಮಿಸಿಸಾಗ ಊರಿನ ನಮ್ಮ ಮನೆಯ ಸಣ್ಣ ಹಾಲಿನಲ್ಲೇ ಅವಳ ಅಮ್ಮನ ಪಟ ಇಟ್ಟು, ಮೇಣದ ಬತ್ತಿ ಹಚ್ಚಿದೆವು. ಪಕ್ಕದ ಕೋಣೆಯಲ್ಲಿ ನನ್ನ ದೇವರ ದೀಪವೂ ಉರಿಯುತ್ತಿತ್ತು. ಎರಡೂ ಕಡೆ ಕೈಮುಗಿದು ನಾನು ಅಡುಗೆಮನೆಗೆ ಹೋದೆ. ನನಗೆ ಆಗುವ ಸೇವೆ ಅದೊಂದೇ.

ಅವರ ಕಡೆಯ ಅಡುಗೆಯಲ್ಲಿ ನನಗೆ ಸರಿಯಾಗಿ ಬರುತ್ತಿದ್ದದ್ದು ಟಿನೋಲಾ. ಕೋಳಿ, ಶುಂಠಿ, ನುಗ್ಗೆ ಸೊಪ್ಪಿನ ತಿಳಿಸಾರು ಅದು. ಕಲಿಸಿದವರು ಆ ಬೀಗಿತ್ತಿಯೇ. ಅವರ ಭಾಷೆ ನನಗೆ ಬಾರದು, ನನ್ನದು ಅವರಿಗೆ ಬಾರದು. ಒಂದೊಂದೇ ತರಕಾರಿಯನ್ನು ಫೋನಿನ ಮುಂದೆ ಹಿಡಿದು ತೋರಿಸುತ್ತಿದ್ದರು, ನಾನೂ ನನ್ನದನ್ನು ಎತ್ತಿ ತೋರಿಸುತ್ತಿದ್ದೆ. ಅದಕ್ಕೆ ಪಪ್ಪಾಯಿ ಕಾಯಿ ಹಾಕುವುದು ಕ್ರಮ. ಬಸುರಿಗೆ ಪಪ್ಪಾಯಿಯೇ ಎಂದು ನಾನು ಹೆದರಿ ಸೀಮೆಬದನೆ ಹಾಕಿದಾಗ ಸೊಸೆ ವಾದ ಮಾಡಲಿಲ್ಲ. “ಆಯ್ತು ಅತ್ತೆ, ನಿಮ್ಮ ಸಮಾಧಾನಕ್ಕೆ” ಎಂದು ನಕ್ಕು ಬಟ್ಟಲು ಖಾಲಿ ಮಾಡಿದ್ದಳು. ನಮ್ಮಿಬ್ಬರ ಮಾತು ಇಂಗ್ಲಿಷಿನಲ್ಲಿ, ನಡುವೆ ಅವಳು ಕಲಿತ ನಾಲ್ಕು ಕನ್ನಡ ಶಬ್ದ.

ಮೊದಲ ಸಂಜೆಗೆ ಅದನ್ನೇ ಮಾಡಿದೆ. ಅಂಗಡಿಯಲ್ಲಿ ಪುಣ್ಯಕ್ಕೆ ಹಸಿ ಸೊಪ್ಪೇ ಸಿಕ್ಕಿತು. ದೇವರ ಹೆಸರು ಹೇಳುತ್ತಾ ಎಲೆ ಎಲೆಯಾಗಿ ಬಿಡಿಸಿದೆ. ಇದನ್ನಾದರೂ ಅವಳು ತಿಂದಾಳು ಎಂಬ ಆಸೆ.

ಪ್ರಾರ್ಥನೆ ಮುಗಿಯಿತು. ಪಾತ್ರೆಯ ಮುಚ್ಚಳ ತೆಗೆದಾಗ ಬಂದಿದ್ದ ಹೆಂಗಸರು ಮುಖ ಮುಖ ನೋಡಿಕೊಂಡರು. ಸೊಸೆ ಸಾರನ್ನು ನೋಡಿದಳು, ಎರಡೂ ಕೈ ಹೊಟ್ಟೆಯ ಮೇಲಿಟ್ಟುಕೊಂಡಳು, ಎದ್ದು ಮಹಡಿ ಹತ್ತಿದಳು.

“ಅಮ್ಮ, ಇದನ್ನು ಮಾಡ್ಲಿಕ್ಕೆ ನಿಂಗೆ ಯಾರು ಹೇಳಿದ್ದು?” ಮಗ ಪಿಸುಗುಟ್ಟಿದ.

“ಯಾರು ಹೇಳ್ಬೇಕು? ಅವಳಿಗೆ ಇಷ್ಟ ಅಲ್ವಾ?”

ಹತ್ತಿರದ ಜಾರ್ಜ್‌ಟೌನಿನಿಂದ ಬಂದಿದ್ದ ಹಿರಿಯ ಹೆಂಗಸೊಬ್ಬರು, ಸೊಸೆಯ ನಾಡಿನವರೇ, ಅವಳ ಚರ್ಚಿನವರು, ನನ್ನ ಮೊಣಕೈ ಹಿಡಿದು ಒಲೆಯ ಬಳಿ ಕರೆದೊಯ್ದರು. “ಸಿಸ್ಟರ್, ಬೇಜಾರು ಮಾಡ್ಕೋಬೇಡಿ. ಸಾವಾದ ಮನೆಯಲ್ಲಿ ನಾವು ಈ ಸೊಪ್ಪು ಮಾಡುವುದಿಲ್ಲ. ಎಲೆ ಒಂದರ ಹಿಂದೆ ಒಂದು ಉದುರುತ್ತದಲ್ಲ, ಹಾಗೇ ಮನೆಯಲ್ಲಿ ಒಬ್ಬರ ಹಿಂದೆ ಒಬ್ಬರು ಅಂತ ನಮ್ಮ ಹಿರಿಯರು ಹೇಳ್ತಾರೆ.”

ಒಬ್ಬರ ಹಿಂದೆ ಇನ್ನೊಬ್ಬರು. ಆ ಇನ್ನೊಬ್ಬರು ಯಾರೆಂದು ಸೊಸೆ ಅಂದುಕೊಂಡಳೆಂಬುದನ್ನು ಅವಳ ಕೈಗಳೇ ಹೇಳಿದ್ದವು.

ಬಂದವರು ಹೋದ ಮೇಲೆ ನಮ್ಮ ಯಜಮಾನರು, “ಇದೆಲ್ಲ ಮೂಢನಂಬಿಕೆ ಮಾರಾಯ್ತಿ. ಬಿಡಿಸಿ ಹೇಳು ಅವಳಿಗೆ” ಎಂದರು.

“ನೀವೇ ಹೇಳಿ. ನಿಮ್ಮ ಅಣ್ಣ ಹೋದಾಗ ಆ ಮನೆಯಿಂದ ಹೊರಡುವಾಗ ‘ಬರ್ತೇನೆ’ ಅಂತ ಹೇಳಿ ಬಂದ್ರಾ?”

ಸಾವಿನ ಮನೆಯಲ್ಲಿ ಆ ಮಾತು ಆಡಬಾರದೆಂದು ನಮಗೆ ಯಾರೂ ಕಾರಣ ಕೊಟ್ಟು ಕಲಿಸಿಲ್ಲ. ಆದರೂ ಇಂದಿಗೂ ನಾಲಿಗೆ ಏಳುವುದಿಲ್ಲ.

ಉಣ್ಣುವ ಪದಾರ್ಥ ಚೆಲ್ಲುವುದು ನನಗೆ ಬಹಳ ಸಂಕಟ. ಆದರೆ ಫ್ರಿಜ್ಜಿನಲ್ಲಿಟ್ಟರೆ ಅವಳ ಕಣ್ಣಿಗೆ ಬೀಳುತ್ತದೆ. ದೇವರೇ ಕ್ಷಮಿಸು ಎಂದು ಸಾರನ್ನೂ ಉಳಿದ ಕಡ್ಡಿಗಳನ್ನೂ ಹೊರಗಿನ ಹಸಿಕಸದ ಹಸಿರು ಡಬ್ಬಕ್ಕೆ ಸುರಿದು, ಅಡುಗೆಮನೆಯ ನೆಲ ಒರೆಸಿದೆ, ಒಂದು ಎಲೆಯೂ ಉಳಿಯದ ಹಾಗೆ.

ಮಾರನೆಯ ಬೆಳಿಗ್ಗೆ ಅವಳು ಬಿಸ್ಕೆಟ್ಟನ್ನೂ ಮುಟ್ಟಲಿಲ್ಲ. ನಾನು ಆ ಹಿರಿಯ ಹೆಂಗಸಿಗೆ ಫೋನು ಮಾಡಿ, ಯಾವುದನ್ನು ಮಾಡಿದರೆ ದೋಷವಿಲ್ಲ ಎಂದು ಕೇಳಿದೆ.

“ಲುಗಾವ್ ಮಾಡಿ. ಅಕ್ಕಿಗೆ ನೀರು ಜಾಸ್ತಿ ಹಾಕಿ ಮೆತ್ತಗೆ ಬೇಯಿಸಿ, ಶುಂಠಿ ಹಾಕಿ. ಮೇಲೆ ಹುರಿದ ಬೆಳ್ಳುಳ್ಳಿ. ಕೋಳಿ ಮಾತ್ರ ಬೇಡ, ಅದೂ ಆಗುವುದಿಲ್ಲ.”

ಗಂಜಿ! ನಮ್ಮೂರಿನವರು ಹುಟ್ಟಿದಾರಭ್ಯ ಕುಡಿದು ಬೆಳೆದ ಗಂಜಿ. ದೇವರು ಇಷ್ಟಾದರೂ ನನ್ನ ಕೈಗೆಟಕುವಲ್ಲಿ ಇಟ್ಟಿದ್ದಾನಲ್ಲ ಎನ್ನಿಸಿತು.

ಅಕ್ಕಿ ಬೆಂದ ಮೇಲೆ ಬಾಣಲೆಗೆ ಎಣ್ಣೆ ಹಾಕಿ ಬೆಳ್ಳುಳ್ಳಿ ಬಿಟ್ಟೆ. ಚರ್ ಎಂದ ಸದ್ದಿಗೆ ಯಜಮಾನರು ಒಳಗೆ ಬಂದರು. “ಒಗ್ಗರಣೆಯಾ? ಇವತ್ತು?”

“ಹೌದು. ಹೋದವರ ಜೊತೆಗೆ ಬರುವವರೂ ಒಬ್ಬರು ಉಂಟಲ್ಲ ಈ ಮನೆಯಲ್ಲಿ.”

ಹಾಗೆಂದೆನಾದರೂ ನನ್ನ ಹಿರಿಯರ ಮಾತು ಮೀರುತ್ತಿದ್ದೇನೆಂಬ ಅಳುಕು. ಬೆಳ್ಳುಳ್ಳಿ ಬಣ್ಣ ತಿರುಗುವ ಮುನ್ನವೇ ಇಳಿಸಿಬಿಟ್ಟೆ.

ಮಗ ಅವಳನ್ನು ಕೈಹಿಡಿದು ಇಳಿಸಿಕೊಂಡು ಬಂದ. ಅವಳು ಬಟ್ಟಲನ್ನು ನೋಡುತ್ತಾ, “ಅತ್ತೆ, ಇದರಲ್ಲಿ ಏನೇನಿದೆ?” ಎಂದಳು.

“ಅಕ್ಕಿ, ಶುಂಠಿ, ಉಪ್ಪು, ಬೆಳ್ಳುಳ್ಳಿ.”

“ಸೊಪ್ಪು?”

“ಒಂದು ಎಲೆಯೂ ಇಲ್ಲ ಮಗಳೇ. ಮನೆಯಲ್ಲೇ ಇಲ್ಲ.”

ಅವಳು ಮೊದಲು ಒಂದು ಸಣ್ಣ ಬಟ್ಟಲಿಗೆ ಬಡಿಸಿ ಅಮ್ಮನ ಪಟದ ಮುಂದಿಟ್ಟಳು. ಯಜಮಾನರು ತಲೆ ತಗ್ಗಿಸಿದರು. ನಮ್ಮಲ್ಲೂ ಸತ್ತವರಿಗೆ ಬಡಿಸದೆ ನಾವು ಉಣ್ಣುವುದಿಲ್ಲ. ಆಮೇಲೆ ಅವಳು ಬಂದು ಕೂತು ಚಮಚ ಎತ್ತಿದಳು. ನಾನು ನಿಂತಲ್ಲೇ ಕಣ್ಣು ಮುಚ್ಚಿದೆ. ಮುಂದೆ ಮಗು ಸಣ್ಣದಾಗಿಯೇ ಹುಟ್ಟಿತು, ಸಾವಕಾಶವಾಗಿ ಬೆಳೆಯಿತು. ಆದರೆ ಆ ಹೊತ್ತಿನಲ್ಲಿ ಅಷ್ಟೆಲ್ಲ ಕೇಳುವ ಧೈರ್ಯ ನನಗಿರಲಿಲ್ಲ. ಒಂದು ತುತ್ತು ಇಳಿಯಲಿ ದೇವರೇ, ಅಷ್ಟು ಸಾಕು ಎಂದು ಬೇಡಿದೆ.

ಕಣ್ಣು ಬಿಟ್ಟಾಗ ಅರ್ಧ ಬಟ್ಟಲು ಮುಗಿದಿತ್ತು. ಅವಳ ಕೆನ್ನೆಯಿಂದ ನೀರು ಇಳಿದು ಗಂಜಿಗೇ ಬೀಳುತ್ತಿತ್ತು. ಅವಳು ಮೂಗು ಒರೆಸಿಕೊಂಡು ನನ್ನತ್ತ ತಿರುಗಿದಳು.

“ಅತ್ತೆ, ಬೆಳ್ಳುಳ್ಳಿ ಹಸಿ ಹಸಿ ಉಂಟು. ಅದು ಕೆಂಪಗೆ, ಗರಿಗರಿ ಆಗಬೇಕು.”

ಸುದ್ದಿ ಬಂದ ಮೇಲೆ ಅವಳು ಬಾಯಿಬಿಟ್ಟು ಕೇಳಿದ ಮೊದಲ ರುಚಿ. ನಾನು ಒಲೆ ಹಚ್ಚಿ ಬಾಣಲೆ ಇಟ್ಟೆ. ಯಜಮಾನರು ಬೆಳ್ಳುಳ್ಳಿಯ ಗಡ್ಡೆ ತೆಗೆದುಕೊಂಡು, ನನ್ನ ಪಕ್ಕದಲ್ಲಿ ನಿಂತು ಸುಲಿಯತೊಡಗಿದರು.